ಬಿಗಿ ಮಾಡಿದ ಕೈ, ಗೆರೆ ಎಳೆದ ಕೈ

“ಎರಡನ್ನೂ ಒಂದು ಸಲ ಪಕ್ಕಪಕ್ಕ ಇಟ್ಟು ನೋಡು ಅಣ್ಣ. ನಾನು ಕೇಳ್ತಿರೋದು ಅಷ್ಟೇ.”

ನಮ್ಮ ಹಳೇ ಕಾರು ಕೆಂಪಿಯ ಬಾನೆಟ್ ಮೇಲೆ ಬಿಳಿ ಬಟ್ಟೆ ಹಾಸಿ ಎರಡು ಬೋಲ್ಟು ಮಲಗಿಸಿದ್ದೆ. ಎರಡೂ ಕಿರುಬೆರಳಿನಷ್ಟು ದಪ್ಪ, ಒಂದೇ ಉದ್ದ. ಎರಡರ ತಲೆಯ ಮೇಲೂ ಬಣ್ಣದ ಒಂದೊಂದು ಗೆರೆ.

ಅಣ್ಣ ನೋಡಲಿಲ್ಲ. ಕಾರಿನ ಹಿಂದಿನ ಸೀಟನ್ನು ಬಿಚ್ಚಿ ಹೊರಗೆಳೆಯುತ್ತಿದ್ದವನು ಎಳೆಯುತ್ತಲೇ ಇದ್ದ. ರೇಸಿನ ಟ್ರ್ಯಾಕಿಗೆ ಇಳಿಯುವ ಕಾರಿನಲ್ಲಿ ಓಡಿಸುವವರನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ದಂಡದ ಹೊರೆ ಎನ್ನುವುದು ಅವನ ಮತ. ನೆಲದ ಚಾಪೆ, ಸ್ಪೀಕರು, ಡಿಕ್ಕಿಯ ಸ್ಟೆಪ್ನಿ ಚಕ್ರ ಆಗಲೇ ಗೋಡೆ ಬದಿ ಸೇರಿದ್ದವು. ಕಾರಿನೊಳಗೆ ಮರೆತಿಟ್ಟ ನನ್ನ ಕೈಚೀಲವೂ ಅವುಗಳ ಜೊತೆ ಕೂತಿತ್ತು.

ಕಳೆದ ಶನಿವಾರ ಟ್ರ್ಯಾಕಿನ ಮೂರನೇ ಸುತ್ತಿನಲ್ಲಿ ಕೆಂಪಿಯ ಎಡ ಮುಂಚಕ್ರದ ಬ್ರೇಕು ಕೈಕೊಟ್ಟು, ಅಣ್ಣನ ಮಗಳು ಕಾರಿನ ಸಮೇತ ಪಕ್ಕದ ಮರಳಿಗೆ ನುಗ್ಗಿದ್ದಳು. ಅವಳಿಗೆ ತರಚು ಗಾಯವೂ ಆಗಲಿಲ್ಲ. ಗಾಯವಾಗಿದ್ದು ಅಣ್ಣನ ಹೆಸರಿಗೆ.

“ಮೇಸ್ತ್ರಿ ಬೋಲ್ಟನ್ನು ಸರಿಯಾಗಿ ಬಿಗಿ ಮಾಡಿಲ್ಲ” ಎಂದು ಟ್ರ್ಯಾಕಿನ ತಪಾಸಣೆ ಅಧಿಕಾರಿ ಬರೆದುಕೊಟ್ಟಿದ್ದ. ಇವತ್ತು ನಾಲ್ಕು ಗಂಟೆಗೆ ವಿಚಾರಣೆ. ಆ ಮಾತು ನಿಂತರೆ ಈ ವರ್ಕ್‌ಶಾಪಿನ ಯಾವ ಕಾರೂ ಇನ್ನೆಂದೂ ಆ ಗೇಟು ದಾಟುವಂತಿಲ್ಲ. ನಲವತ್ತು ವರ್ಷದ ಕೈಗುಣ ಒಂದು ಸಾಲಿನಲ್ಲಿ ಮಣ್ಣುಪಾಲು.

ಅಷ್ಟಾದರೂ ಅಣ್ಣ ನಾಳೆಯ ಓಟಕ್ಕೆ ಕಾರು ಸಿದ್ಧ ಮಾಡುತ್ತಿದ್ದ. ಯಾಕೆ ಎಂದು ಬೆಳಿಗ್ಗೆ ಕೇಳಿದ್ದಕ್ಕೆ, “ತೀರ್ಪು ಅವರದು, ಕೆಲಸ ನಂದು” ಎಂದಿದ್ದ. ಆ ಕ್ಷಣ ಅವನ ತಂಗಿಯಾಗಿ ಹುಟ್ಟಿದ್ದಕ್ಕೆ ನನಗೆ ಒಂದು ಗೇಣು ಎತ್ತರ ಬೆಳೆದ ಹಾಗಾಯಿತು.

ಕೆಂಪಿ ಹದಿನೇಳು ವರ್ಷದ ಪುಟ್ಟ ಕಾರು. ಗುಜರಿಗೆ ಹೊರಟಿದ್ದನ್ನು ಅಣ್ಣ ಅಡ್ಡಗಟ್ಟಿ ತಂದ. ಈಗ ತಿರುವು ಬಂತೆಂದರೆ ಅದು ಹೊಸ ಹೊಸ ಕಾರುಗಳ ಮುಖದಲ್ಲಿ ನೀರಿಳಿಸುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೀರಾ, ಅನ್ನಿ. ಒಂದು ಸುತ್ತಿಗೆ ಎಷ್ಟು ಸೆಕೆಂಡು ಎಂದು ಲೆಕ್ಕ ಹಾಕುವ ಗಡಿಯಾರಕ್ಕೆ ನಂಟಸ್ತನ ಗೊತ್ತಿಲ್ಲವಲ್ಲ.

“ಅತ್ತೆ, ಸ್ವಲ್ಪ ಪಕ್ಕಕ್ಕೆ. ಅಪ್ಪ, ಮುಂಚಕ್ರಕ್ಕೆ ಬಾ” ಎಂದಳು ಕಿಡಿ. ಅಣ್ಣನ ಮಗಳನ್ನು ಎಲ್ಲರೂ ಕರೆಯುವುದೇ ಹಾಗೆ. ಹಳೆಯ ಬ್ರೇಕ್ ಎಣ್ಣೆ ಪೂರ್ತಿ ಬಸಿದು ಹೊಸದು ತುಂಬಿಸಿ, ಮೊಣಕೈವರೆಗೂ ಮಸಿ ಮಾಡಿಕೊಂಡು ನಿಂತಿದ್ದಳು. ಟ್ರ್ಯಾಕಿನ ಬಿಸಿಗೆ ಹಳೇ ಎಣ್ಣೆ ಕುದಿದರೆ ಪೆಡಲು ಒತ್ತಿದರೂ ಗಾಳಿ ಒತ್ತಿದ ಹಾಗೆ.

ಅಣ್ಣ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತ. ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅವುಚುವ ಬ್ರೇಕಿನ ಇಕ್ಕಳ ಎರಡೇ ಎರಡು ಬೋಲ್ಟಿನ ಮೇಲೆ ನಿಂತಿರುತ್ತದೆ. ಎಷ್ಟು ಬಿಗಿಯಾಯಿತೆಂದು ತೋರಿಸುವ ಅಳತೆಯ ಸ್ಪಾನರು ಹಾಕಿ ಎಳೆದ. ಅಳತೆ ಮುಟ್ಟಿದಾಗ ಅದು ಟಕ್ ಎಂದಿತು.

“ನೂರಾ ಹತ್ತು!” ಎಂದು ಕೂಗಿದ.

ಕಿಡಿ ಅದೇ ಸ್ಪಾನರು ಇಸಿದುಕೊಂಡು ತಾನೂ ಎಳೆದು ನೋಡಿದಳು. ಟಕ್. “ನೂರಾ ಹತ್ತು, ಆಯ್ತು!”

ಆಮೇಲೆ ಹಳದಿ ಬಣ್ಣದ ಪೆನ್ನು ತೆಗೆದು, ಪಕ್ಕದ ಕಂಬದ ಮೇಲೆ ಒಂದು ಸಣ್ಣ ಗೀಟು ಹಾಕಿ ಬಣ್ಣ ಬರುತ್ತದೆಯೇ ನೋಡಿ, ಬೋಲ್ಟಿನ ತಲೆಯಿಂದ ಕೆಳಗಿನ ಕಬ್ಬಿಣದವರೆಗೆ ಒಂದೇ ನೇರ ಗೆರೆ ಎಳೆದಳು. ಬೋಲ್ಟು ಚೂರು ಅಲುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಆ ಕಂಬದ ತುಂಬ ಅವಳ ಹಳದಿ ಗೀಟುಗಳೇ.

ಈ ವರ್ಕ್‌ಶಾಪಿನ ಶಾಸನ ಒಂದೇ: ಬಿಗಿ ಮಾಡಿದ ಕೈ ಗೆರೆ ಎಳೆಯಬಾರದು. ತನ್ನ ಕೆಲಸವನ್ನು ತಾನೇ ಸರಿ ಎನ್ನುವವನು ಅರ್ಧ ಕುರುಡ ಎಂದು ಅಣ್ಣ ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಹೇಳುತ್ತಾನೆ.

“ಈಗಲಾದ್ರೂ ನೋಡ್ತೀಯಾ?” ಎಂದು ಎರಡು ಬೋಲ್ಟನ್ನೂ ಅವನ ಮೂಗಿನ ಕೆಳಗೆ ಹಿಡಿದೆ. “ಎರಡೂ ಅದೇ ಚಕ್ರದ್ದು. ಇದು ಮೇಲಿಂದು, ಕಾರಲ್ಲೇ ಉಳ್ಕೊಂಡಿತ್ತು. ಇದು ಕೆಳಗಿಂದು, ಕಳಚಿ ಬಿದ್ದಿದ್ದು. ಎರಡು ತಿಂಗಳ ಹಿಂದೆ ಎರಡಕ್ಕೂ ಒಂದೇ ದಿನ ಗೆರೆ ಎಳೆದಿದ್ರಿ. ಮೇಲಿನ ಗೆರೆ ಬೆಂದು ಕಂದು ಬಣ್ಣ ಆಗಿದೆ. ಕೆಳಗಿಂದು ಯಾಕೆ ಇನ್ನೂ ಅರಿಸಿನದ ಹಾಗಿದೆ?”

ಅಣ್ಣನ ಕೈ ನಿಂತಿತು. ಕಿಡಿ ಚಿಂದಿ ಬಟ್ಟೆ ಹುಡುಕುತ್ತ ಆಚೆ ಹೋದಳು.

“ಬಿಡು ತಂಗಿ” ಎಂದ ಅಣ್ಣ ಮೆತ್ತಗೆ.

“ಏನ್ ಬಿಡು? ಇದು ನೀನು ಬಿಗಿ ಮಾಡಿದ ಬೋಲ್ಟೇ ಅಲ್ಲ! ಯಾರೋ ನಿಂದು ತೆಗೆದು ಇದನ್ನ ಹಾಕಿದ್ದಾರೆ.”

“ಗೊತ್ತಾಯ್ತು. ಇಲ್ಲಿಗೇ ಬಿಟ್ಟುಬಿಡು.”

ಮೂವತ್ತೊಂದು ವರ್ಷ ವಿಮಾ ಸರ್ವೇಯರ್ ಆಗಿ ನಜ್ಜುಗುಜ್ಜಾದ ಕಾರುಗಳ ಬಾಯಿ ಬಿಡಿಸಿದವಳು ನಾನು. ನನ್ನ ಸ್ವಂತ ಅಣ್ಣನ ಹೆಸರಿಗೆ ಮಸಿ ಬಳಿದಿರುವಾಗ ಬಿಡುವುದೇ? ಕೈಚೀಲ ಎತ್ತಿಕೊಂಡು ಹೊರಟೆ.

ಬಿಡದೆ ಹೋದದ್ದಕ್ಕೆ ಆ ಸಂಜೆ ನನ್ನನ್ನೇ ನಾನು ಬೈದುಕೊಂಡೆ. ಅದು ಆಮೇಲಿನ ಮಾತು.

ಆ ಬೋಲ್ಟು ಮುಟ್ಟಬೇಕಾದರೆ ಚಕ್ರ ಬಿಚ್ಚಬೇಕು. ಕಳೆದ ವಾರ ಗುರುವಾರ ಸಂಜೆ ಅಣ್ಣ ಎಲ್ಲ ಗೆರೆಗಳನ್ನೂ ಟಾರ್ಚು ಹಿಡಿದು ನೋಡಿ ಸರಿ ಎಂದಿದ್ದ. ಶನಿವಾರ ಬೆಳಿಗ್ಗೆ ಕಾರು ನೇರ ಟ್ರ್ಯಾಕಿಗೆ ಹೋಗಿತ್ತು. ನಡುವಿನ ಶುಕ್ರವಾರ ಅಣ್ಣ ಅತ್ತಿಗೆಯನ್ನು ಹಲ್ಲಿನ ಡಾಕ್ಟರ ಬಳಿ ಕರೆದೊಯ್ದಿದ್ದ. ಕಿಡಿ ಜ್ವರವೆಂದು ಕಂಬಳಿ ಹೊದ್ದು ಮಲಗಿದ್ದಳು. ಅವತ್ತು ಚಕ್ರ ಬಿಚ್ಚಿದ್ದು ಒಬ್ಬನೇ, ಟ್ರ್ಯಾಕಿನ ಟೈರು ಹಾಕಲು ಕಾರು ಒಯ್ದಿದ್ದ ಟೈರಣ್ಣ.

ಎಂಟು ವರ್ಷ ಅಣ್ಣನ ಹತ್ತಿರ ಕೆಲಸ ಕಲಿತು ಸ್ವಂತ ಅಂಗಡಿ ಇಟ್ಟವನು. ಒಳ್ಳೆಯವನು, ಆದರೆ ಹೊಟ್ಟೆಯಲ್ಲಿ ಮಾತು ಇಟ್ಟುಕೊಂಡರೆ ಮುಖ ಊದಿಕೊಳ್ಳುತ್ತದೆ. ನನ್ನನ್ನು ನೋಡಿದ್ದೇ ಊದಿಕೊಂಡಿತು.

“ಬನ್ನಿ ಅಕ್ಕ. ಕಾಫಿ ತರಿಸ್ಲಾ?”

“ಕಾಫಿ ಬೇಡ ಕಣಪ್ಪ. ಕಳೆದ ಶುಕ್ರವಾರ ಬೇಕು.”

ಗಾಳಿ ತುಂಬುವ ಕೊಳವೆಯನ್ನು ಸುತ್ತಿ ಸುತ್ತಿ ಕೊಕ್ಕೆಗೆ ಹಾಕಿದ. ಹತ್ತು ಸುತ್ತು ಬೇಕಾದ ಕಡೆ ಇಪ್ಪತ್ತು ಸುತ್ತಿದ.

“ಹನ್ನೊಂದು ಗಂಟೆಗೆ ಕಾರು ಜಾಕಿ ಮೇಲೆ ನಿಲ್ಲಿಸ್ದೆ. ನಾಲ್ಕು ಚಕ್ರಾನೂ ಬಿಚ್ಚಿ ಒಳಗೆ ಮಷೀನಿಗೆ ತಗೊಂಡೋದೆ. ಅರ್ಧ ಗಂಟೆ ಆಗಿರ್ಬೇಕು. ವಾಪಸ್ ಬಂದು ಹಾಕ್ದೆ. ಅಷ್ಟೇ.”

“ಆ ಅರ್ಧ ಗಂಟೆ ಕಾರಿನ ಹತ್ರ ಯಾರಿದ್ರು?”

“ಯಾರೂ ಇಲ್ಲ.”

ನಾನು ಅಂಗಡಿಯ ಮುಂದೆ, ಕಾರು ನಿಲ್ಲಿಸುವ ಜಾಗಕ್ಕೆ ಹೋದೆ. ಬಿಳಿ ಗೋಡೆ, ಅದರ ತುಂಬ ಟೈರು ಒರಗಿಸಿದ ಕಪ್ಪು ಕಲೆ. ಮೊಣಕಾಲಿನ ಎತ್ತರದಲ್ಲಿ ಒಂದು ಕಡೆ, ಬೆರಳಿನ ಒಂದು ಗೆಣ್ಣಿನಷ್ಟುದ್ದದ ಹಳದಿ ಗೀಟು. ಉಗುರಿನಿಂದ ಕೆರೆದೆ. ಅದೇ ಬಣ್ಣ.

“ನಿನ್ನ ಅಂಗಡೀಲಿ ಹಳದಿ ಪೆನ್ನು ಇದೆಯಾ?”

“ಇಲ್ಲ ಅಕ್ಕ.”

“ಹಾಗಾದ್ರೆ ಇದು ಗೋಡೇನೇ ಬೆವರಿದ್ದಾ?”

ಟೈರಣ್ಣ ಟೈರಿನ ಗುಡ್ಡೆಯ ಮೇಲೆ ಕುಸಿದು ಕೂತ. “ಬಂದವರಿದ್ದಾರೆ. ಹೆಸರು ಮಾತ್ರ ಕೇಳ್ಬೇಡಿ. ಮಾತು ಕೊಟ್ಟಿದ್ದೀನಿ.”

“ನಿನಗೆ ಅನ್ನದ ದಾರಿ ತೋರಿಸಿದವನ ಮಾನ ಹೋಗ್ತಿದೆ. ನಿನಗೆ ನಿನ್ನ ಮಾತು ದೊಡ್ಡದಾಯ್ತಾ?”

“ಮಾತು ಉಳಿಸ್ಕೊಳ್ಳೋದನ್ನ ಕಲಿಸಿದ್ದೂ ಗುರುಗಳೇ ಅಲ್ವಾ ಅಕ್ಕ?” ಅವನ ಕಣ್ಣಲ್ಲಿ ನೀರಿತ್ತು. “ನಾಲ್ಕು ಗಂಟೆಗೆ ನಾನೂ ಬರ್ತೀನಿ. ಅಲ್ಲಿ ನೀವು ಸೋಲ್ತೀರಿ ಅಂತ ನನಗೆ ಭಯ ಇಲ್ಲ. ಎಲ್ಲಿ ಗೆದ್ದುಬಿಡ್ತೀರೋ ಅಂತ ಭಯ.”

ಅವನಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಗೆಲ್ಲುವುದೆಂದರೆ ಯಾರಿಗೆ ಭಯ?

ಟ್ರ್ಯಾಕಿನ ಕಚೇರಿ ಮೊದಲ ಮಹಡಿಯಲ್ಲಿತ್ತು. ಉದ್ದನೆಯ ಮೇಜು, ಹೆಲ್ಮೆಟ್ಟುಗಳ ಕಪಾಟು, ಟ್ರ್ಯಾಕಿನ ಕಡೆಗೆ ದೊಡ್ಡ ಗಾಜಿನ ಕಿಟಕಿ. ಕೆಳಗೆ ಯಾರದೋ ಕಾರು ತಿರುವಿನಲ್ಲಿ ಟೈರು ಕಿರುಚಿಸುತ್ತಿತ್ತು. ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಅವನ ಪಕ್ಕ ಕಿಡಿ, ಬಾಗಿಲ ಬಳಿ ಟೈರಣ್ಣ. ಉಗುರಿನ ಮಸಿ ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಆ ಉಗುರುಗಳನ್ನು ಅವನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡ. ಮೇಜಿನ ಮೇಲಿಡು, ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಬೇಕಾ ಎಂದು ಕೂಗಬೇಕೆನಿಸಿತು.

ಎದುರಿಗೆ ತಪಾಸಣೆ ಅಧಿಕಾರಿ. ಸೀಸೆಯ ತಳದಂಥ ಗಾಜಿನ ಕನ್ನಡಕ, ಎಲ್ಲರೂ ಕರೆಯುವ ಹೆಸರೂ ಕನ್ನಡಕವೇ. ಟೈರಣ್ಣನಿಗಿಂತ ಮುಂಚೆ ಏಳು ವರ್ಷ ಇವನೂ ಅಣ್ಣನ ಹತ್ತಿರ ಕಲಿತವನು. ಈಗ ಗುರುಗಳೇ ಅನ್ನುವುದಿಲ್ಲ.

“ಮೇಸ್ತ್ರಿಗಳೇ, ಹೇಳೋದೇನಾದ್ರೂ ಇದೆಯಾ?”

“ನಾನು ಹೇಳ್ತೀನಿ” ಎಂದು ಎದ್ದು ನಿಂತೆ. ಬಿಳಿ ಬಟ್ಟೆ ಹಾಸಿ ಬೋಲ್ಟುಗಳನ್ನಿಟ್ಟೆ.

ಕಂದು ಗೆರೆ, ಹಳದಿ ಗೆರೆ. ಎರಡೂ ಒಂದೇ ಇಕ್ಕಳದವು, ಎರಡೂ ಒಂದೇ ಬಿಸಿ ಉಂಡಿರಬೇಕಾದವು ಎಂದು ವಿವರಿಸಿದೆ.

ಕನ್ನಡಕ ಬೋಲ್ಟನ್ನು ಮೂಗಿಗೆ ತಾಕುವಷ್ಟು ಹತ್ತಿರ ಹಿಡಿದ. “ಮೂರು ಸುತ್ತಿಗೇ ಬಣ್ಣ ಬೆಂದುಹೋಗುತ್ತೆ ಅನ್ನೋದಕ್ಕೆ ಏನು ಆಧಾರ?”

“ಮೂರು ಸುತ್ತಿಗೆ ಬೇಯಲ್ಲ, ನಾನು ಹೇಳ್ತಿರೋದೂ ಅದೇ. ಎರಡು ತಿಂಗಳಲ್ಲಿ ನಾಲ್ಕು ದಿನ ಟ್ರ್ಯಾಕಲ್ಲಿ ಓಡಿದ್ದಕ್ಕೆ ಮೇಲಿಂದು ಹೀಗಾಗಿದೆ. ಕೆಳಗಿಂದು ಆ ಮೂರು ಸುತ್ತು ಬಿಟ್ಟರೆ ಬೇರೆ ಬಿಸಿನೇ ಕಂಡಿಲ್ಲ. ಬಾಣಲೆಯಲ್ಲಿ ಬೋಲ್ಟು ಹುರಿದು ನೋಡಿದ್ದೀನಿ ಸ್ವಾಮಿ. ನಮ್ಮತ್ತಿಗೆ ಇನ್ನೂ ಬೈತಿದ್ದಾರೆ.”

ಟೈರಣ್ಣ ಕೂಡ ನಕ್ಕ. ಅಣ್ಣ ನಗಲಿಲ್ಲ.

“ಅಂದ್ರೆ ಇದನ್ನ ಹಾಕಿದ್ದು ಶುಕ್ರವಾರ. ಅವತ್ತು ನಮ್ಮಣ್ಣ ಬೆಳಿಗ್ಗೆಯಿಂದ ಸಂಜೆವರೆಗೆ ಹಲ್ಲಿನ ಆಸ್ಪತ್ರೆ ಬೆಂಚಿನ ಮೇಲಿದ್ದ, ಚೀಟಿ ಇದೆ. ಈ ಬೋಲ್ಟು ಅವನು ಬಿಗಿ ಮಾಡಿದ್ದಲ್ಲ. ನಲವತ್ತು ವರ್ಷದಲ್ಲಿ ಅವನ ಕೈಯಿಂದ ಒಂದು ಬೋಲ್ಟೂ ಸಡಿಲ ಆಗಿಲ್ಲ. ಇದೂ ಆಗಿಲ್ಲ!”

ಅಧಿಕಾರಿ ಬೋಲ್ಟನ್ನು ಬಟ್ಟೆಯ ಮೇಲೆ ಮರಳಿ ಇಟ್ಟ. ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

“ಒಪ್ಪಿದೆ. ನಾನು ಬರೆದದ್ದು ತಪ್ಪು. ಮೇಸ್ತ್ರಿಗಳ ಕೈತಪ್ಪು ಅಲ್ಲ.”

ನನ್ನ ಎದೆ ಉಬ್ಬಿತು. ಉಬ್ಬಿದ್ದನ್ನು ಮುಚ್ಚಿಡುವ ಸಂಕೋಚವೂ ನನಗಿಲ್ಲ. ಅಣ್ಣನ ಕಡೆ ತಿರುಗಿದೆ. ಅವನ ಮುಖ ಸುಣ್ಣದ ಗೋಡೆಯ ಹಾಗೆ ಬಿಳಿಚಿತ್ತು.

“ಆದ್ರೆ ಈಗ ಬೇರೆ ನಿಯಮ ಬರುತ್ತೆ” ಎಂದು ಕನ್ನಡಕ ಪುಸ್ತಕ ತೆರೆದ. “ಬ್ರೇಕನ್ನ ಯಾರಿಗೂ ತಿಳಿಸದೆ ಬಿಚ್ಚಿ ಜೋಡಿಸಿದವರು ಯಾರು ಅಂತ ಗೊತ್ತಾಗ್ಬೇಕು. ವರ್ಕ್‌ಶಾಪಿನವರಾದ್ರೆ ವರ್ಕ್‌ಶಾಪಿಗೆ ನಿಷೇಧ. ಕಾರು ಓಡಿಸಿದವರೇ ಆಗಿದ್ರೆ ಅವರು ಬದುಕಿರೋವರೆಗೂ ಟ್ರ್ಯಾಕಿಗೆ ಇಳಿಯೋ ಹಾಗಿಲ್ಲ.”

ಅಣ್ಣ ಎದ್ದ. ಮಸಿ ಉಗುರಿನ ಕೈ ಮೇಜಿನ ಮೇಲೆ ಬಂತು.

“ನಾನೇ ಮಾಡಿದ್ದು” ಎಂದ. “ಶುಕ್ರವಾರ ಮಧ್ಯೆ ಆಸ್ಪತ್ರೆಯಿಂದ ಬಂದು ಆ ಬೋಲ್ಟು ಬದಲಾಯಿಸ್ದೆ. ಸರಿಯಾಗಿ ಬಿಗಿ ಮಾಡ್ಲಿಲ್ಲ. ಕೊಡಿ, ಎಲ್ಲಿ ಸಹಿ ಹಾಕ್ಬೇಕು?”

ಊರೆಲ್ಲ ಬೊಟ್ಟು ಮಾಡಿದಾಗಲೂ ‘ನನ್ನ ಕೈ ತಪ್ಪಿಲ್ಲ’ ಎಂದು ತಲೆಯೆತ್ತಿ ನಡೆದ ಮನುಷ್ಯ. ತಪ್ಪಿಲ್ಲವೆಂದು ಎಲ್ಲರೂ ಒಪ್ಪಿದ ಮೇಲೆ ತಾನೇ ತಪ್ಪಿದೆ ಎಂದು ಸುಳ್ಳು ಹೇಳುತ್ತಿದ್ದಾನೆ. ಅಷ್ಟು ದೊಡ್ಡ ಅಭಿಮಾನವನ್ನು ಅಣ್ಣ ಯಾರಿಗೋಸ್ಕರ ಬಿಟ್ಟುಕೊಟ್ಟಾನು?

ಆಗ ವರ್ಕ್‌ಶಾಪಿನ ಆ ಕಂಬ ನೆನಪಾಯಿತು. ಗೆರೆ ಎಳೆಯುವ ಮುಂಚೆ ಒಂದು ಸಣ್ಣ ಗೀಟು. ಟೈರಂಗಡಿಯ ಗೋಡೆಯ ಮೇಲೂ ಅದೇ ಗೀಟು. ಎರಡನ್ನೂ ಒಂದೇ ದಿನ ನೋಡಿದ್ದೆ, ಸರ್ವೇಯರಮ್ಮನಿಗೆ ಕಾಣಲಿಲ್ಲ. ಕಾಣಿಸಿಕೊಳ್ಳಲು ನನಗೇ ಇಷ್ಟವಿರಲಿಲ್ಲವೇನೋ.

“ಅಪ್ಪ, ಆ ಪೆನ್ನು ಕೆಳಗಿಡು.”

ಕಿಡಿ ಎದ್ದು ನಿಂತಿದ್ದಳು. ಬೆನ್ನು ನೆಟ್ಟಗಿತ್ತು.

“ನೀನು ಕೂತ್ಕೋ” ಎಂದ ಅಣ್ಣ.

“ಕೂರಲ್ಲ. ನೀನು ಸಹಿ ಹಾಕಿದ್ರೆ ಇನ್ನು ಯಾವತ್ತೂ ಕೆಂಪಿ ಹತ್ಲಾರೆ ನಾನು.” ಕನ್ನಡಕದ ಕಡೆ ತಿರುಗಿದಳು. “ಜ್ವರ ಇತ್ತು, ಸುಳ್ಳಲ್ಲ. ಆದ್ರೆ ಹೊಸ ಟೈರು ನೋಡ್ದೆ ಇರಕ್ಕಾಗ್ದೆ ಎದ್ದು ಹೋದೆ. ಟೈರಣ್ಣ ಒಳಗಿದ್ರು. ಅಂಗಡಿ ಡಬ್ಬೀಲಿದ್ದ ಬೋಲ್ಟು ತಗೊಂಡು ಬದಲಾಯಿಸಿದ್ದು ನಾನು. ಅಳತೆ ಸ್ಪಾನರು ಇರ್ಲಿಲ್ಲ, ಕೈ ಅಂದಾಜಿಗೆ ಬಿಗಿ ಮಾಡ್ದೆ. ಬಿಗಿ ಮಾಡಿದ್ದೂ ನಾನೇ, ಗೆರೆ ಎಳೆದದ್ದೂ ನಾನೇ.”

ಕೊನೆಯ ಮಾತು ಹೇಳುವಾಗ ಮಾತ್ರ ಅವಳು ತಲೆ ತಗ್ಗಿಸಿದಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ.

“ಒಂದು ವಾರ ಯಾಕೆ ಬಾಯಿ ಬಿಡ್ಲಿಲ್ಲ?” ಎಂದ ಕನ್ನಡಕ.

“ಹೇಳಿದ್ರೆ ಯಾಕೆ ಬಿಚ್ಚಿದೆ ಅನ್ನೋದನ್ನೂ ಹೇಳ್ಬೇಕಿತ್ತು. ಯಾರ ಮುಂದೆ ಹೇಳ್ಬಹುದು, ಯಾರ ಮುಂದೆ ಹೇಳ್ಬಾರ್ದು ಅಂತಾನೇ ನಂಗೆ ಗೊತ್ತಾಗ್ಲಿಲ್ಲ. ನಾನೇ ಹುಡುಕಿ ಹಿಡೀತೀನಿ ಅಂತ ಜಂಬ ಬೇರೆ.”

ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದಳು.

ಮೂರನೆಯ ಬೋಲ್ಟು. ತಲೆಯ ಮೇಲಿನ ಗೆರೆ ಚೆನ್ನಾಗಿ ಬೆಂದು ಕಂದಾಗಿತ್ತು. ನಾನು ವಾರವಿಡೀ ಕಸದ ಬುಟ್ಟಿಗಳಲ್ಲಿ ಹುಡುಕಿದ್ದ, ಅಣ್ಣ ತನ್ನ ಕೈಯಾರೆ ಬಿಗಿ ಮಾಡಿದ್ದ ಬೋಲ್ಟು.

ಅದರ ತಲೆಯ ಬುಡದಲ್ಲಿ ಗರಗಸದಿಂದ ಕುಯ್ದ ಗಾಯ ಬೆಳ್ಳಗೆ ಹೊಳೆಯುತ್ತಿತ್ತು. ಮುಕ್ಕಾಲು ಭಾಗ ಕುಯ್ದು, ಕಾಲು ಭಾಗ ಉಳಿಸಿದ್ದರು. ಮೊದಲ ತಿರುವಿನಲ್ಲಿ, ಗಾಡಿ ಪೂರ್ತಿ ವೇಗದಲ್ಲಿದ್ದಾಗ ಬ್ರೇಕು ಒತ್ತಿದ್ದರೆ ಸಾಕಿತ್ತು, ಪಟ್ಟೆಂದು ತುಂಡಾಗುತ್ತಿತ್ತು.

“ಸುಮ್ನೆ ಅಭ್ಯಾಸಬಲದಿಂದ ಸ್ಪಾನರು ಹಾಕ್ದೆ. ಬೋಲ್ಟಿನ ತಲೆ ಅಲ್ಲಾಡ್ತು” ಎಂದಳು ಕಿಡಿ. “ಆದ್ರೆ ಗೆರೆ ಒಂದು ಕೂದಲೂ ತಪ್ಪಿರ್ಲಿಲ್ಲ ಅಪ್ಪ.”

ಅಣ್ಣ ಬೋಲ್ಟನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದ. ತಿರುಗಿಸಿ ತಿರುಗಿಸಿ ನೋಡಿದ. ಮಗಳನ್ನು ಒಂದು ಸಲ ನೋಡಿದ. ಆ ನೋಟದಲ್ಲಿ ಸಿಟ್ಟಿತ್ತು, ಅದರ ಹಿಂದೆಯೇ ಬದುಕಿದೆಯಲ್ಲ ತಾಯಿ ಎನ್ನುವುದೂ ಇತ್ತು.

“ಬಿಚ್ಚಿ, ಕುಯ್ದು, ವಾಪಸ್ ಹಾಕಿ, ತಲೆಯ ಬೆಂದ ಗೆರೆಗೆ ಕೆಳಗಿನ ಬೆಂದ ಗೆರೆ ಕೂಡಿಸಿದ್ದಾರೆ” ಎಂದ. “ಗುರುವಾರ ಟಾರ್ಚು ಹಿಡಿದು ಇದನ್ನ ನಾನೇ ನೋಡಿ ಸರಿ ಅಂದೆ. ನನ್ನ ಕಣ್ಣಿಗೇ ಮಣ್ಣೆರಚಿದ ಕೈ ಇದು.”

ಅವನ ದನಿಯಲ್ಲಿ ನೋವಿನ ಜೊತೆ ಇನ್ನೊಂದೇನೋ ಇತ್ತು. ಹೇಳಲು ನಾಚಿಕೆಯಾಗುತ್ತದೆ, ಅದು ಮೇಷ್ಟ್ರ ಹೆಮ್ಮೆ.

“ಇಷ್ಟು ನಾಜೂಕಾಗಿ ಗೆರೆ ಕೂಡಿಸೋದನ್ನ ನನ್ನ ಜೀವಮಾನದಲ್ಲಿ ಮೂರೇ ಜನಕ್ಕೆ ಕಲಿಸಿದ್ದೀನಿ.”

ನಾನು ತಲೆಯೆತ್ತಿ ನೋಡಿದೆ. ಮೂವರೂ ಅದೇ ಕೋಣೆಯಲ್ಲಿದ್ದರು. ಒಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಒಬ್ಬ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಇನ್ನೊಬ್ಬ ಮೇಜಿನ ಆಚೆಯಿಂದ ಆ ಬೋಲ್ಟಿಗಾಗಿ ಆಗಲೇ ಕೈ ಚಾಚಿದ್ದ.